ಸತ್ತವರ ಸೈನ್ಯಕ್ಕೆ ಯಾರು ದೊರೆ?

ಆಟ ಎಂಬ ಮಾತಿಗೆ ನಮ್ಮ ಕರಾವಳಿಯಲ್ಲಿ ಎರಡು ಅರ್ಥ. ಹಗಲು ಮಕ್ಕಳು ಆಡುವುದು ಒಂದು ಆಟ. ರಾತ್ರಿ ಹೊನ್ನಾವರ, ಕುಮಟಾ ಕಡೆಯ ಬಯಲಿನಲ್ಲಿ ಚಂಡೆ ಮದ್ದಳೆಯ ಸದ್ದಿನೊಂದಿಗೆ ನಡೆಯುವ ಯಕ್ಷಗಾನವೂ ಆಟವೇ. ಈಗ ಮೂರನೆಯದೊಂದು ಆಟ ಕಂಪ್ಯೂಟರ್ ಮತ್ತು ಮೊಬೈಲ್‌ಗಳ ಮೂಲಕ ಭಟ್ಕಳದಿಂದ ಕುಮಟಾದವರೆಗೆ ಎಲ್ಲರ ಮನೆಯೊಳಗೂ ಬಂದಿದೆ. ಅದರಲ್ಲಿ ಒಂದು ಬಗೆಯ ಆಟ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಆಡುವವನು ಅಲ್ಲಿ ಒಬ್ಬ ಮಾಂತ್ರಿಕ. ನೆಕ್ರೋಮ್ಯಾನ್ಸರ್ ಎಂದು ಅವನ ಹೆಸರು. ಹೆಣಗಳನ್ನು ಎಬ್ಬಿಸಿ, ಅವುಗಳ ದಂಡು ಕಟ್ಟಿ ಯುದ್ಧ ಮಾಡಿಸುವುದು ಅವನ ಕೆಲಸ. ಚದುರಂಗದ ಹಾಗೆ ಒಮ್ಮೆ ಇವನ ಸರದಿ, ಒಮ್ಮೆ ಎದುರಾಳಿಯ ಸರದಿ.

ಇಂತಹ ಆಟಗಳು ಹೊಸತೇನೂ ಅಲ್ಲ. 1999ರಲ್ಲಿ ಬಂದ 'ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್'ನ ಮೂರನೆಯ ಭಾಗದಲ್ಲಿ ಸತ್ತವರದ್ದೇ ಒಂದು ನಗರವಿದೆ. 2003ರಲ್ಲಿ ಡೇವಿಡ್ ವೈಟ್ ಎಂಬವರು ಆರಂಭಿಸಿದ 'ಬ್ಯಾಟಲ್ ಫಾರ್ ವೆಸ್ನಾತ್' ಯಾರು ಬೇಕಾದರೂ ಉಚಿತವಾಗಿ ಪಡೆದು ಆಡಬಹುದಾದ ಆಟ. ಅದರಲ್ಲೂ ಹೆಣಗಳ ಪಡೆಯಿದೆ.

ಮಕ್ಕಳು ಇದನ್ನು ಆಡುವುದನ್ನು ಕಂಡ ಕೆಲವು ಹೆತ್ತವರಿಗೆ ಗಾಬರಿಯಾಗುತ್ತದೆ. ಇದು ಮಾಟವಲ್ಲವೇ, ಸಿಹ್ರ್ ಅಲ್ಲವೇ ಎಂದು ಕೇಳುತ್ತಾರೆ. ಆಟದ ವಿಧಿ ನಿಷೇಧಗಳನ್ನು ಹೇಳಲು ವಿದ್ವಾಂಸರಿದ್ದಾರೆ. ಆದರೆ ಗುಂಡಿ ಒತ್ತಿದ ಹುಡುಗ ಮಾಟಗಾರನಾಗುವುದಿಲ್ಲ ಎಂಬುದು ನಮಗೂ ಗೊತ್ತು, ಹುಡುಗನಿಗೂ ಗೊತ್ತು. ನಮ್ಮ ಪ್ರಶ್ನೆ ಬೇರೆ. ಹೆಣಗಳ ಸೈನ್ಯ ಎಂಬ ಕಲ್ಪನೆ ಮನುಷ್ಯನಿಗೆ ಯಾಕೆ ಇಷ್ಟೊಂದು ಹಿಡಿಸುತ್ತದೆ? ಅದರಲ್ಲಿ ಅವನಿಗೆ ಸಿಗುವ ಸುಖ ಯಾವುದು?

ಉತ್ತರ ಆಟದ ಲೆಕ್ಕಾಚಾರದಲ್ಲೇ ಇದೆ. ವೆಸ್ನಾತ್‌ನಲ್ಲಿ ನಡೆದಾಡುವ ಒಂದು ಹೆಣಕ್ಕೆ ಬೆಲೆ 8 ಚಿನ್ನದ ನಾಣ್ಯ. ಉಳಿದ ಸೈನಿಕರಿಗೆ ಅವರವರ ದರ್ಜೆಗೆ ತಕ್ಕ ಖರ್ಚು ಪ್ರತಿ ಸರದಿಯಲ್ಲೂ ಲೆಕ್ಕಕ್ಕೆ ಬರುತ್ತದೆ. ಹೆಣದ ದರ್ಜೆ ಸೊನ್ನೆ, ಆದುದರಿಂದ ಅದರ ಖರ್ಚೂ ಸೊನ್ನೆ. ಅದು ಯಾರನ್ನು ಕೊಲ್ಲುತ್ತದೋ ಅವನೂ ಎದ್ದು ಇವನದೇ ದಂಡಿಗೆ ಸೇರುತ್ತಾನೆ. ಹೀರೋಸ್ ಆಟದಲ್ಲಿ ಗೆದ್ದ ಮೇಲೆ ಸತ್ತ ಶತ್ರುಗಳಲ್ಲಿ ಇಂತಿಷ್ಟು ಮಂದಿ ಅಸ್ಥಿಪಂಜರಗಳಾಗಿ ಗೆದ್ದವನ ಹಿಂದೆ ನಡೆಯುತ್ತಾರೆ. ಅಲ್ಲಿ ಸೈನಿಕರ ಮನೋಬಲಕ್ಕೂ ಒಂದು ಅಂಕಿಯಿದೆ. ಜೀವಂತ ಸೈನಿಕರಿಗೆ ಅದು ಏರುತ್ತದೆ, ಇಳಿಯುತ್ತದೆ. ಹೆಣಗಳಿಗೆ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಆದರೆ ಜೀವಂತರ ಜೊತೆ ಹೆಣಗಳನ್ನು ನಿಲ್ಲಿಸಿದರೆ ಜೀವಂತರ ಎದೆ ಕುಗ್ಗುತ್ತದೆ.

ಸಂಬಳ ಕೇಳದ, ಹೆದರದ, ಎದುರು ಮಾತಾಡದ ಸೈನಿಕ. ಸತ್ತರೆ ಮನೆಗೆ ಸುದ್ದಿ ಮುಟ್ಟಿಸುವ ಗೋಜಿಲ್ಲ. ಪ್ರತಿ ಸಾವೂ ನಷ್ಟವಲ್ಲ, ಲಾಭ. ಅಧಿಕಾರದ ರುಚಿ ಹತ್ತಿದವರೆಲ್ಲ ಕಾಣುವ ಕನಸು ಇದು. ಈ ಆಟವನ್ನು ಬರೆದವರು ಅದನ್ನು ಮರೆಮಾಚದೆ ಅಂಕಿಗಳಲ್ಲಿ ತೋರಿಸಿದ್ದಾರೆ, ಅಷ್ಟೇ.

ಚದುರಂಗದಲ್ಲೂ ಕಾಯಿಗಳಿಗೆ ಸ್ವಂತ ಮನಸ್ಸಿಲ್ಲವಲ್ಲ, ಅದನ್ನು ಯಾರೂ ಕ್ರೌರ್ಯ ಎನ್ನುವುದಿಲ್ಲವಲ್ಲ ಎಂದು ಕೆಲವರು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ಚದುರಂಗದಲ್ಲಿ ಹೊಡೆದ ಕಾಯಿ ಹಲಗೆಯಿಂದ ಹೊರಗೆ ಹೋಗುತ್ತದೆ. ಸತ್ತವನಿಗೆ ಅಲ್ಲಿ ಬಿಡುಗಡೆಯಿದೆ. ಇಲ್ಲಿ ಸತ್ತ ಮೇಲೂ ಬಿಡುಗಡೆಯಿಲ್ಲ. ತಾನು ಯಾರಿಗಾಗಿ ಹೋರಾಡಿ ಸತ್ತನೋ ಅವರ ಮೇಲೆಯೇ ಅವನು ಕತ್ತಿ ಎತ್ತಬೇಕು. ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿ.

ಹೆಣಗಳನ್ನು ಎಬ್ಬಿಸಿ ಯುದ್ಧಕ್ಕೆ ಕಳುಹಿಸುವ ಗುರುವೊಬ್ಬ ನಮ್ಮ ಎರಡನೆಯ ಆಟದಲ್ಲೂ ಇದ್ದಾನೆ. 'ಕಚ ದೇವಯಾನಿ' ಪ್ರಸಂಗದ ಶುಕ್ರಾಚಾರ್ಯ. ದೇವತೆಗಳ ಕೈಯಲ್ಲಿ ಸತ್ತ ಅಸುರರನ್ನು ಆತ ಮೃತಸಂಜೀವಿನಿ ವಿದ್ಯೆಯಿಂದ ಬದುಕಿಸುತ್ತಾನೆ. ಆ ವಿದ್ಯೆ ಕಲಿಯಲು ಬೃಹಸ್ಪತಿಯ ಮಗ ಕಚ ಅವನ ಶಿಷ್ಯನಾಗಿ ಬರುತ್ತಾನೆ. ಅಸುರರು ಕಚನನ್ನು ಮತ್ತೆ ಮತ್ತೆ ಕೊಲ್ಲುತ್ತಾರೆ. ಕೊನೆಗೆ ಸುಟ್ಟು, ಬೂದಿಯನ್ನು ಸುರೆಯಲ್ಲಿ ಬೆರೆಸಿ ಗುರುವಿಗೇ ಕುಡಿಸುತ್ತಾರೆ. ಶಿಷ್ಯ ಬದುಕಬೇಕಾದರೆ ಗುರುವಿನ ಹೊಟ್ಟೆ ಸೀಳಬೇಕು. ಶುಕ್ರಾಚಾರ್ಯ ಹೊಟ್ಟೆಯೊಳಗಿನ ಶಿಷ್ಯನಿಗೆ ವಿದ್ಯೆ ಹೇಳಿಕೊಟ್ಟು ತಾನು ಸಾಯುತ್ತಾನೆ. ಹೊರಬಂದ ಶಿಷ್ಯ ಗುರುವನ್ನು ಬದುಕಿಸುತ್ತಾನೆ.

ಈ ಕತೆಗೂ ಕಂಪ್ಯೂಟರಿನ ಮಾಂತ್ರಿಕನಿಗೂ ಎರಡು ವ್ಯತ್ಯಾಸಗಳಿವೆ. ಒಂದು, ಇಲ್ಲಿ ಜೀವ ಕೊಡುವವನು ತನ್ನ ಜೀವವನ್ನೇ ಪಣಕ್ಕಿಡಬೇಕಾಗುತ್ತದೆ. ಎರಡು, ಎದ್ದು ಬಂದವನು ತನ್ನ ಮನಸ್ಸಿನೊಂದಿಗೇ ಬರುತ್ತಾನೆ. ಕಚ ಎದ್ದ ಮೇಲೆ ದೇವಯಾನಿ ಮದುವೆಯಾಗು ಎಂದರೆ ಒಲ್ಲೆ ಎನ್ನುತ್ತಾನೆ, ಶಾಪವನ್ನೂ ಹೊರುತ್ತಾನೆ. ಬದುಕಿಸಿದವರ ಮಗಳಿಗೂ ಇಲ್ಲ ಎನ್ನಬಲ್ಲವನೇ ನಿಜವಾಗಿ ಬದುಕಿದವನು. ಮಾತಾಡಲಾರದೆ ನಡೆಯುವವನು ಬರಿಯ ಹೆಣ.

ಯಕ್ಷಗಾನದಲ್ಲಿ ರಾಕ್ಷಸನಿಗೂ ಅರ್ಥ ಹೇಳುವ ಹಕ್ಕಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (2017ರಲ್ಲಿ ನಿಧನರಾದರು) ಭಸ್ಮಾಸುರನಾಗಿ, ಕೀಚಕನಾಗಿ ರಂಗಕ್ಕೆ ಬಂದರೆ ಜನ ನಿದ್ದೆಗೆಟ್ಟು ಕಾಯುತ್ತಿದ್ದರು. ಆ ಪಾತ್ರ ಸಾಯುವುದು ಎಲ್ಲರಿಗೂ ಗೊತ್ತು. ಆದರೂ ಸಾಯುವ ಮೊದಲು ಅವನ ವಾದವೇನು ಎಂದು ಕೇಳುವ ಸೌಜನ್ಯ ಪ್ರೇಕ್ಷಕರಿಗಿತ್ತು.

ಈ ಸೌಜನ್ಯ ಬಯಲಾಟದ ಹೊರಗೆ ನಮ್ಮಲ್ಲಿ ಎಷ್ಟು ಉಳಿದಿದೆ? ಹೆಣ ಎಬ್ಬಿಸುವ ವಿದ್ಯೆಗೆ ಮಂತ್ರ ಬೇಕಾಗಿಲ್ಲ, ಧ್ವನಿವರ್ಧಕ ಸಾಕು. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಒಬ್ಬ ಯುವಕನ ದೇಹ ಕೆರೆಯಲ್ಲಿ ಸಿಕ್ಕಿತು. ಅದು ಒಂದು ಮನೆಯ ಭರಿಸಲಾಗದ ದುಃಖ. ಆದರೆ ತನಿಖೆ ಮುಗಿಯುವ ಮೊದಲೇ ಆ ಸಾವಿನ ಹೆಸರಿನಲ್ಲಿ ಗುಂಪುಗಳು ಬೀದಿಗೆ ಬಂದವು. ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಕಲ್ಲು ತೂರಾಟ ನಡೆಯಿತು. ಕುಮಟಾದಲ್ಲಿ ಪೊಲೀಸ್ ಅಧಿಕಾರಿಯ ವಾಹನಕ್ಕೆ ಬೆಂಕಿ ಬಿತ್ತು. ಐದು ವರ್ಷ ಕಳೆದು, 2022ರಲ್ಲಿ ಸಿಬಿಐ ನ್ಯಾಯಾಲಯಕ್ಕೆ ಸಲ್ಲಿಸಿದ ವರದಿ ಅದನ್ನು ಆಕಸ್ಮಿಕ ಸಾವು ಎಂದಿತು. ಅಷ್ಟರಲ್ಲಿ ಆ ಹುಡುಗನ ಹೆಸರು ಎಷ್ಟೋ ವೇದಿಕೆಗಳಲ್ಲಿ ಮೆರವಣಿಗೆ ಹೊರಟಿತ್ತು. ಅವನನ್ನು ಯಾರೂ ಕೇಳಿರಲಿಲ್ಲ. ಕೇಳಲು ಅವನಿರಲಿಲ್ಲ.

ಇದನ್ನು ಒಂದು ಸಮುದಾಯದ ಮೇಲಿನ ದೂರಾಗಿ ಓದಬಾರದು. 1993ರಲ್ಲಿ ಭಟ್ಕಳದಲ್ಲಿ ತಿಂಗಳುಗಟ್ಟಲೆ ಗಲಭೆ ನಡೆಯಿತು. ಆ ನೆನಪು ಊರಿನವರ ಮನಸ್ಸಿನಿಂದ ಇನ್ನೂ ಮಾಸಿಲ್ಲ. ನಮ್ಮವರು ಸತ್ತಾಗ ನಮ್ಮ ವೇದಿಕೆಗಳಲ್ಲೂ ದುಃಖಕ್ಕಿಂತ ಘೋಷಣೆ ಜೋರಾಗುವ ಅಪಾಯ ಇದ್ದೇ ಇದೆ. ಸತ್ತವರಿಗೆ ನ್ಯಾಯ ಕೇಳಬೇಕು, ಅದು ಬದುಕಿರುವವರ ಕರ್ತವ್ಯ. ಆದರೆ ನ್ಯಾಯ ಕೇಳುವುದು ಬೇರೆ, ಸತ್ತವನನ್ನು ಪಡೆಗೆ ಸೇರಿಸಿಕೊಳ್ಳುವುದು ಬೇರೆ. ಸತ್ಯ ಯಾರಿಗೆ ಅನುಕೂಲವಾದರೂ ಹೊರಬರಲಿ ಎನ್ನುವವನು ನ್ಯಾಯ ಕೇಳುವವನು. ಸತ್ಯ ಹೊರಬಂದರೆ ತನ್ನ ದಂಡು ಚದುರೀತು ಎಂದು ಹೆದರುವವನು ಮಾಂತ್ರಿಕ. ಅವನ ದಂಡಿನಲ್ಲಿ ನಿಜವಾಗಿ ಮನಸ್ಸು ಕಳೆದುಕೊಂಡವರು ಸತ್ತವರಲ್ಲ, ಅವರ ಹೆಸರು ಕೂಗುತ್ತಾ ಕಲ್ಲು ಹಿಡಿದ ಬದುಕಿರುವ ಹುಡುಗರು. ಎದುರು ಮಾತಾಡದೆ ಹೋಗುತ್ತಾರೆ, ಕೇಸು ಬಿದ್ದಾಗ ಕೋರ್ಟಿಗೆ ಒಬ್ಬರೇ ಅಲೆಯುತ್ತಾರೆ. ದೊರೆಗೆ ಅವರ ಖರ್ಚೂ ಸೊನ್ನೆ.

ವೆಸ್ನಾತ್‌ನಲ್ಲಿ ಮಾಲಿನ್ ಕೇಶರ್ ಎಂಬ ಯುವ ಮಾಂತ್ರಿಕನ ಕತೆಯೊಂದಿದೆ. ಶತ್ರುಗಳಿಂದ ತನ್ನ ಊರನ್ನು ಉಳಿಸಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಅವನು ಹೆಣಗಳನ್ನು ಎಬ್ಬಿಸುತ್ತಾನೆ. ಊರು ಉಳಿಯುತ್ತದೆ, ಆದರೆ ಊರಿನವರು ಅವನನ್ನು ಹೊರಹಾಕುತ್ತಾರೆ. ಅಲ್ಲಿಂದ ಮುಂದೆ ಅವನ ದಾರಿ ಕತ್ತಲಿನ ಕಡೆಗೇ. 'ಊರಿಗಾಗಿ' ಎಂದು ಹೊರಡುವ ನಮ್ಮ ಯುವಕರು ಈ ಕತೆಯನ್ನು ಆಡಿ ನೋಡಿದರೆ ನಷ್ಟವೇನಿಲ್ಲ.

ಸತ್ತವರೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ನಮ್ಮ ಮುಂದೆ ಬೇರೆ ಮಾದರಿಗಳಿವೆ. ಪ್ರವಾದಿ ಮುಹಮ್ಮದ್(ಸ)ರ ಮುಂದೆ ಒಂದು ಶವಯಾತ್ರೆ ಹಾದುಹೋದಾಗ ಅವರು ಎದ್ದು ನಿಂತರು. ಅದು ಯಹೂದಿಯೊಬ್ಬರದು ಎಂದು ಹೇಳಿದಾಗ, ಅದೂ ಒಂದು ಆತ್ಮವಲ್ಲವೇ ಎಂದು ಮರುಪ್ರಶ್ನಿಸಿದರು. ಸತ್ತವನ ಎಲುಬು ಮುರಿಯುವುದು ಬದುಕಿರುವವನ ಎಲುಬು ಮುರಿದಂತೆ ಎಂದೂ ಅವರು ಎಚ್ಚರಿಸಿದ್ದಾರೆ. ಸತ್ತವನು ಯಾರ ಸೈನಿಕನೂ ಅಲ್ಲ. ಅವನನ್ನು ತೊಳೆದು, ಪ್ರಾರ್ಥಿಸಿ, ಮಣ್ಣಿಗೊಪ್ಪಿಸಿ ಬಿಟ್ಟುಕೊಡಬೇಕು.

2024ರ ಜುಲೈ 16ರಂದು ಕುಮಟಾ ದಾಟಿ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ಶಿರೂರಿನ ಬಳಿ ಗುಡ್ಡ ಕುಸಿಯಿತು. ಕೇರಳದ ಲಾರಿ ಚಾಲಕನೊಬ್ಬ ಲಾರಿಸಮೇತ ಗಂಗಾವಳಿ ನದಿಯ ಪಾಲಾದ. ಉಕ್ಕುವ ಹೊಳೆಯಲ್ಲಿ ಹುಡುಕಾಟ ನಡೆದು, ನಿಂತು, ಮತ್ತೆ ನಡೆದು ಸೆಪ್ಟೆಂಬರ್ 25ರಂದು ಲಾರಿ ಸಿಕ್ಕಿತು, ಒಳಗೆ ಅವನ ದೇಹವೂ ಇತ್ತು. ಎರಡು ತಿಂಗಳ ಮೇಲೆ ಅವನು ಬದುಕಿರುವ ಆಸೆ ಯಾರಿಗೂ ಇರಲಿಲ್ಲ. ಆದರೂ ಹುಡುಕಿದರು. ಅವನಿಂದ ಏನೋ ಮಾಡಿಸಿಕೊಳ್ಳಲು ಅಲ್ಲ, ಮನೆಗೆ ತಲುಪಿಸಲು. ಇದೇ ಜಿಲ್ಲೆ, ಇದೇ ಹೆದ್ದಾರಿ, ಕಲ್ಲು ತೂರಾಟ ಕಂಡ ಅದೇ ಊರುಗಳ ಪಕ್ಕ. ಎರಡು ಬಗೆಯ ವಿದ್ಯೆಯೂ ನಮಗೆ ಬರುತ್ತದೆ ಎಂದಾಯಿತು.

ಹಾಗಾಗಿ ಮಕ್ಕಳ ಕೈಯಿಂದ ಆಟವನ್ನು ಕಸಿದುಕೊಳ್ಳುವ ಆತುರ ಬೇಡ. ಪಕ್ಕದಲ್ಲಿ ಕುಳಿತು ಒಂದು ಮಾತು ಕೇಳೋಣ: ಈ ಹೆಣ ಮೊದಲು ಯಾರಾಗಿತ್ತು, ಇದಕ್ಕೆ ಮಾತು ಬಂದರೆ ನಿನಗೆ ಏನು ಹೇಳೀತು? ಮಗು ಒಂದು ಕ್ಷಣ ಯೋಚಿಸಿದರೂ ಸಾಕು. ನಾಳೆ ನಮ್ಮ ಬೀದಿಯಲ್ಲಿ ಸತ್ತವನೊಬ್ಬನ ಹೆಸರು ಹಿಡಿದು ಯಾರಾದರೂ ಜನ ಸೇರಿಸಲು ಬಂದಾಗ, ಅದೇ ಪ್ರಶ್ನೆಯನ್ನು ಮೈಕಿನ ಮುಂದೆ ನಿಂತವರಿಗೆ ಕೇಳಬೇಕಾದವರು ದೊಡ್ಡವರಾದ ನಾವು.