ಸೊಪ್ಪಿನ ಹೊಲಕ್ಕೆ ಇದ್ದಿಲು ಯಾರ ಖರ್ಚು?



ಸಂತೆಯಿಂದ ತಂದ ದಂಟಿನ ಸೊಪ್ಪನ್ನು ನೀವು ಎರಡು ಮೂರು ನೀರಿನಲ್ಲಿ ತೊಳೆಯುತ್ತೀರಿ. ಎಲೆಯ ಮೇಲಿನ ಮಣ್ಣು, ಧೂಳು ಹೋಗುತ್ತದೆ. ಆದರೆ ಬೇರಿನ ಮೂಲಕ ಎಲೆಯೊಳಗೆ ಸೇರಿದ ಕ್ಯಾಡ್ಮಿಯಂ ಎಷ್ಟು ತೊಳೆದರೂ ಹೋಗದು, ಬೇಯಿಸಿದರೂ ನಾಶವಾಗದು. ಅದು ದೇಹದಲ್ಲಿ, ವಿಶೇಷವಾಗಿ ಮೂತ್ರಪಿಂಡದಲ್ಲಿ, ವರ್ಷಗಟ್ಟಲೆ ಉಳಿಯುತ್ತದೆ. ಒಂದು ಕಿಲೋ ಸೊಪ್ಪಿನಲ್ಲಿ 0.2 ಮಿಲಿಗ್ರಾಂಗಿಂತ ಹೆಚ್ಚು ಇರಬಾರದೆಂಬುದು ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ. ಕಣ್ಣಾಗಲಿ ನಾಲಿಗೆಯಾಗಲಿ ಇದನ್ನು ಅಳೆಯಲಾರವು. ಆದ್ದರಿಂದ ನಾವು ಬೆಳೆದವನನ್ನು ನಂಬಿ ಕೊಳ್ಳುತ್ತೇವೆ. ಬೆಳೆಯುವವನು ಯಾರನ್ನು ನಂಬಬೇಕು?

ಬೆಂಗಳೂರಿನ ವೃಷಭಾವತಿ ನದಿಯನ್ನೇ ನೋಡಿರಿ. ಪೀಣ್ಯದ ಕಾರ್ಖಾನೆಗಳ ತ್ಯಾಜ್ಯವನ್ನೂ ನಮ್ಮೆಲ್ಲರ ಮನೆಗಳ ಕೊಳಚೆಯನ್ನೂ ಹೊತ್ತು ಅದು ಬಿಡದಿಯ ಸಮೀಪದ ಬೈರಮಂಗಲ ಕೆರೆಯನ್ನು ಸೇರುತ್ತದೆ. ಅಲ್ಲಿನ ರೈತನು ಈ ಕೊಳಕನ್ನು ಬೇಡಿ ಪಡೆದವನಲ್ಲ. ಬೇಸಿಗೆಯಲ್ಲಿಯೂ ಬತ್ತದ ನೀರೆಂದು ಹೊಲಕ್ಕೆ ಹಾಯಿಸಿದವನು.

ಇಂತಹ ಮಣ್ಣಿಗೆ ಒಂದು ಉಪಾಯವುಂಟು. ಭತ್ತದ ಹೊಟ್ಟು, ತೆಂಗಿನ ಚಿಪ್ಪು, ಕಟ್ಟಿಗೆಯ ಚೂರು ಇವುಗಳನ್ನು ಗಾಳಿ ಹೆಚ್ಚು ತಾಗದಂತೆ ಸುಟ್ಟರೆ ದೊರೆಯುವ ಇದ್ದಿಲನ್ನು ಬಯೋಚಾರ್ ಎನ್ನುತ್ತಾರೆ. ಅದರ ಅಸಂಖ್ಯ ಸೂಕ್ಷ್ಮ ರಂಧ್ರಗಳು ಸೀಸ, ಕ್ಯಾಡ್ಮಿಯಂಗಳನ್ನು ಹಿಡಿದಿಡುತ್ತವೆ. ಅದರ ಕ್ಷಾರಗುಣವು ಮಣ್ಣಿನ ಹುಳಿಯನ್ನು ತಗ್ಗಿಸುವುದರಿಂದ ಲೋಹಗಳು ನೀರಿನಲ್ಲಿ ಕರಗಿ ಬೇರನ್ನು ಸೇರುವುದು ಕಡಿಮೆಯಾಗುತ್ತದೆ. ಆದರೆ ಎಲ್ಲ ವಿಷಕ್ಕೂ ಇದು ಮದ್ದಲ್ಲ. ಆರ್ಸೆನಿಕ್ ಇರುವ ಮಣ್ಣಿನಲ್ಲಿ ಕೆಲವೊಮ್ಮೆ ಪರಿಣಾಮ ತಿರುಗುಮುರುಗಾಗುತ್ತದೆ. ಮಣ್ಣನ್ನು ಪರೀಕ್ಷಿಸದೆ ಸುರಿಯುವುದು ಜಾಣತನವಲ್ಲ.

ಇಲ್ಲಿಯೇ ನನ್ನ ಪ್ರಶ್ನೆ ಹುಟ್ಟುತ್ತದೆ. ಇದ್ದಿಲು ಲೋಹವನ್ನು ಹಿಡಿದಿಡುತ್ತದೆಯೇ ಹೊರತು ಹೊರಹಾಕುವುದಿಲ್ಲ. ಮಣ್ಣು ಮತ್ತೆ ಹುಳಿಯಾದರೆ ಹಿಡಿದದ್ದು ಬಿಡುಗಡೆಯಾಗಬಹುದು. ಮೇಲಿನಿಂದ ಹೊಸ ಕೊಳಚೆ ಬರುತ್ತಲೇ ಇದ್ದರೆ ಕೆಳಗಿನವನು ಎಷ್ಟು ಕಾಲ ಇದ್ದಿಲು ಬೆರೆಸುತ್ತಿರಬೇಕು? ಒಂದು ಎಕರೆಯ ಮೇಲ್ಮಣ್ಣಿಗೆ ನೂರಕ್ಕೆ ಒಂದು ಪಾಲು ಬೆರೆಸುವುದೆಂದರೂ ಸುಮಾರು 8 ಟನ್ ಬೇಕು. ಕಟ್ಟಿಗೆ ಹತ್ತಿಪ್ಪತ್ತು ರೂಪಾಯಿಯ ಲೆಕ್ಕದಲ್ಲಿ ಸೊಪ್ಪು ಮಾರುವವನಿಗೆ ಅದು ಸಣ್ಣ ಹೊರೆಯಲ್ಲ.

"ವಿಷದ ಸೊಪ್ಪು ಬೆಳೆಯುವುದು ಪಾಪವಲ್ಲವೇ?" ಎಂದು ಕೇಳುವುದು ಸುಲಭ. ತಿಳಿದೂ ಮಾರುವವನು ಹೊಣೆಯಿಂದ ತಪ್ಪಿಸಿಕೊಳ್ಳಲಾರನು, ಒಪ್ಪುತ್ತೇನೆ. ಆದರೆ ಆ ಪ್ರಶ್ನೆಯನ್ನು ನಾವು ಕೆಳದಂಡೆಯಲ್ಲಿ ಮಾತ್ರ ಕೇಳುತ್ತೇವೆ. ಲೋಹಲೇಪನದ ತೊಟ್ಟಿಯನ್ನು ಇರುಳಿನಲ್ಲಿ ಚರಂಡಿಗೆ ಬಿಡುವವನನ್ನು ಕೇಳುವುದಿಲ್ಲ, ಹಳೆಯ ಬ್ಯಾಟರಿಯನ್ನು ಕಸದಲ್ಲಿ ಎಸೆಯುವ ನಮ್ಮನ್ನಂತೂ ಕೇಳಿಕೊಳ್ಳುವುದೇ ಇಲ್ಲ.

ಜಪಾನಿನ ಜಿಂಜು ನದಿಯ ತೀರದಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗಳನ್ನು ಸೇರಿ, ಅಲ್ಲಿನ ಅಕ್ಕಿಯನ್ನೂ ನೀರನ್ನೂ ಸೇವಿಸಿದವರ, ಹೆಚ್ಚಾಗಿ ಹೆಂಗಸರ, ಮೂಳೆಗಳು ಸವೆದು ಮುರಿಯತೊಡಗಿದವು. ನೋವಿನ ಕೂಗಿನಿಂದಲೇ ಆ ರೋಗಕ್ಕೆ 'ಇತಾಯ್ ಇತಾಯ್' ಎಂಬ ಹೆಸರಾಯಿತು. 1968ರಲ್ಲಿ ಸರ್ಕಾರ ಕಾರಣವನ್ನು ಒಪ್ಪಿತು. ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ 1979ರಲ್ಲಿ ತೊಡಗಿ 2012ರಲ್ಲಿ ಮುಗಿಯಿತು. ಆ ವೆಚ್ಚದಲ್ಲಿ ಗಣಿ ಕಂಪನಿಯೂ ಪಾಲು ತೆತ್ತಿತು, ಸರ್ಕಾರವೂ ತೆತ್ತಿತು.

ಬೈರಮಂಗಲದ ಕೆಳಗಿನ ಹೊಲಕ್ಕೆ ಬೇಕಾದ 8 ಟನ್ ಇದ್ದಿಲಿನ ಲೆಕ್ಕವನ್ನೂ ಹಾಗೆಯೇ ಬರೆಯಬೇಕೆಂದು ನನ್ನ ಅಭಿಪ್ರಾಯ: ಮೊದಲ ಸಾಲಿನಲ್ಲಿ ಕಾರ್ಖಾನೆ, ಎರಡನೆಯದರಲ್ಲಿ ನಗರದ ತೆರಿಗೆ, ಮೂರನೆಯದರಲ್ಲಿ ಚೌಕಾಶಿ ಮಾಡದೆ ಒಂದೆರಡು ರೂಪಾಯಿ ಹೆಚ್ಚು ಕೊಡುವ ನಾವು. ರೈತನ ಪಾಲಿಗೆ ಅದನ್ನು ಮಣ್ಣಿನಲ್ಲಿ ಬೆರೆಸುವ ದುಡಿಮೆ ಹೇಗೂ ಇದ್ದೇ ಇದೆ.