ಉಂಡು ಮಲಗುವ ತನಕ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಈ ಗಾದೆಯನ್ನು ನಾವು ಬಹುಮಟ್ಟಿಗೆ ಸಮಾಧಾನದ ಮಾತಾಗಿಯೇ ಬಳಸುತ್ತ ಬಂದಿದ್ದೇವೆ. ಪಕ್ಕದ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಎಂದಿಗಿಂತ ಹೆಚ್ಚಾದಾಗಲೂ, ಮದುವೆಯಾಗಿ ವರ್ಷ ತುಂಬುವ ಮೊದಲೇ ಮಗಳು ಮುಖ ಬಾಡಿಸಿಕೊಂಡು ತೌರಿಗೆ ಬಂದಾಗಲೂ, ಹಿರಿಯರಾದವರು ಇದನ್ನು ಉಚ್ಚರಿಸಿ, ಬೆಳಗಾದರೆ ಎಲ್ಲವೂ ಸರಿಹೋಗುವುದೆಂದು ತಮಗೆ ತಾವೇ ಭರವಸೆ ಕೊಟ್ಟುಕೊಂಡು ಎದ್ದುಹೋಗುತ್ತಾರೆ. ಗಾದೆಯಾದರೋ ಅಷ್ಟು ಸುಲಭವಾಗಿ ಯಾರನ್ನೂ ಬಿಡುಗಡೆ ಮಾಡುವುದಿಲ್ಲ. ಜಗಳವು ತಾನಾಗಿ ಆರಿಹೋಗುವುದೆಂದು ಅದು ಎಲ್ಲಿಯೂ ಹೇಳಿಲ್ಲ. ಉಣ್ಣುವುದು, ಮಲಗುವುದು ಎಂದು ಎರಡು ಗಡಿಕಲ್ಲುಗಳನ್ನು ನೆಟ್ಟಿದೆ. ಒಂದೇ ಒಲೆಯ ಅನ್ನವನ್ನು ಇಬ್ಬರೂ ಉಂಡು, ಒಂದೇ ಸೂರಿನ ಕೆಳಗೆ ಇಬ್ಬರೂ ಮಲಗಿದ ಮನೆಯಲ್ಲಿ ಮಾತ್ರ ಜಗಳದ ಆಯುಸ್ಸು ಅಷ್ಟು ಎಂಬುದು ಅದರ ತಾತ್ಪರ್ಯ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಗಾದೆಯಲ್ಲಿರುವುದು ಜಗಳ, ಹೊಡೆತವಲ್ಲ. ಮಾತಿಗೆ ಮಾತು ಕೊಡುವ ಸ್ವಾತಂತ್ರ್ಯ ಇಬ್ಬರಿಗೂ ಇದ್ದರೆ ಅದು ಜಗಳ. ಒಬ್ಬರು ಕೈಯೆತ್ತಿ ಮತ್ತೊಬ್ಬರು ಮುದುಡಿ ಕುಳಿತ ಮನೆಗೆ ಈ ಗಾದೆಯನ್ನು ಹೊತ್ತುಕೊಂಡು ಹೋದವರು ನಮ್ಮ ಹೆಣ್ಣುಮಕ್ಕಳಿಗೆ ತಲೆಮಾರುಗಳಿಂದ ಅನ್ಯಾಯ ಮಾಡಿದ್ದಾರೆ. ಅಂಥ ಮನೆಗೆ ಬೇಕಾದದ್ದು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ.

ಸಮಬಲರ ಜಗಳವೋ, ಅದು ಪ್ರಹಸನಕ್ಕೆ ಯೋಗ್ಯವಾದ ವಸ್ತು. ಲಂಡನ್ನಿನಲ್ಲಿ ಭೂವಿಜ್ಞಾನವನ್ನು ಓದಿ ಬಂದ ಟಿ. ಪಿ. ಕೈಲಾಸಂ ಅವರು, ರಾಜರಾಣಿಯರ ಪೌರಾಣಿಕ ವೈಭವದಲ್ಲಿ ಮುಳುಗಿದ್ದ ಕನ್ನಡ ರಂಗಭೂಮಿಯನ್ನು ನಮ್ಮ ಮಧ್ಯಮವರ್ಗದ ನಡುಮನೆಗೆ ಕರೆತಂದು, ಇಂಗ್ಲಿಷು ಬೆರೆತ ಮನೆಮಾತಿನಲ್ಲಿಯೇ ಪಾತ್ರಗಳನ್ನು ಆಡಿಸಿದಾಗ, ಪ್ರೇಕ್ಷಕರು ತಮ್ಮ ಮನೆಯ ಗೋಡೆಯಾಚೆಗಿನ ಮಾತನ್ನೇ ಕೇಳಿದಂತೆ ನಕ್ಕರು. ‘ಬಂಡ್ವಾಳ್ವಿಲ್ಲದ ಬಡಾಯಿ’ಯ ವಕೀಲನ ಬಡಾಯಿ ನಗೆ ಹುಟ್ಟಿಸುವುದು ಅದನ್ನು ಕೇಳಿಸಿಕೊಳ್ಳುವವರು ಇರುವುದರಿಂದ. ದಾಂಪತ್ಯದ ವಿರಸವೂ ಹೀಗೆಯೇ. ನಾಲ್ಕು ಗೋಡೆಗಳ ನಡುವೆ ಇಬ್ಬರೇ ಉಳಿದಾಗ ಅದು ಕೊಳೆಯುತ್ತದೆ, ಮೂರನೆಯವರೊಬ್ಬರು ಪ್ರೀತಿಯಿಂದ ಕೇಳಿಸಿಕೊಂಡಾಗ ಅದರೊಳಗಿನ ಹಾಸ್ಯ ಹೊರಗೆ ಬರುತ್ತದೆ.

ಆ ಮೂರನೆಯವರು ಯಾರು? 1898ರ ಪ್ಲೇಗಿನ ಕಾಲದಲ್ಲಿ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ಹುಟ್ಟಿಕೊಂಡ ಮೇಲೆ ಬಹುಕಾಲದವರೆಗೆ, ಅಲ್ಲಿಯ ಮನೆಗಳಲ್ಲಿ “ಎಲೆ ಹಾಕಿದೆ, ಏಳಿ” ಎಂದು ಕರೆಯಲು ಅತ್ತೆಯೋ ಅಜ್ಜಿಯೋ ಇದ್ದೇ ಇರುತ್ತಿದ್ದರು. ಆ ಕರೆಗೆ ಓಗೊಡದೆ ಕೋಣೆಯೊಳಗೆ ಕುಳಿತಿರುವ ಧೈರ್ಯ ಯಾವ ದಂಪತಿಗಳಿಗೂ ಇರಲಿಲ್ಲ. ಚಾಮರಾಜಪೇಟೆಯ ವಠಾರಗಳಲ್ಲಿ ಆ ಕೆಲಸವನ್ನು ನೆರೆಯವರು ಮಾಡಿದರು. ಮಕ್ಕಳೂ ಮಾಡಿದರು, ಆದರೆ ಅವರ ಪಾಲಿಗೆ ಅದು ಭಾರವಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಇನ್ನೊಂದು ಗಾದೆ ಹುಟ್ಟಿದ್ದು ಅದರಿಂದಲೇ. ಮೊದಲನೆಯ ಗಾದೆ ದೊಡ್ಡವರನ್ನು ಕುರಿತು ಹೇಳಿದ್ದು. ಎರಡನೆಯದು ಅವರ ನಡುವೆ ನಿಂತ ಪ್ರಾಣಿಯನ್ನು ಕುರಿತು ಮರುಗಿದ್ದು. ಇವೆರಡನ್ನೂ ಒಟ್ಟಿಗೆ ಓದಬೇಕೆಂಬುದು ನನ್ನ ಅಭಿಪ್ರಾಯ.

ಈಗ ಅಜ್ಜಿಯಿಲ್ಲ, ಮಕ್ಕಳು ಅಮೆರಿಕದಲ್ಲಿದ್ದಾರೆ. ಆ ಮೂರನೆಯ ಸ್ಥಾನಕ್ಕೆ ಎಷ್ಟೋ ಮನೆಗಳಲ್ಲಿ ನಾಯಿಯೊಂದು ಬಂದು ಕುಳಿತಿದೆ. ಹಿಂದೆ “ನಿಮ್ಮಪ್ಪನಿಗೆ ಹೇಳು” ಎಂದು ಮಗುವಿನ ಮೂಲಕ ಸಾಗುತ್ತಿದ್ದ ಸಂದೇಶಗಳು ಈಗ ಅದರ ಮೂಲಕ ಸಾಗುತ್ತವೆ. ಹಿಂದಿನ ರಾತ್ರಿಯಿಂದ ಮಾತು ನಿಂತುಹೋದ, ಅರುವತ್ತು ದಾಟಿದ ದಂಪತಿಗಳ ಮನೆಯೊಂದನ್ನು ಕಲ್ಪಿಸಿಕೊಳ್ಳಿ.

“ಟಾಮಿ, ನಿಮ್ಮ ಯಜಮಾನ್ರಿಗೆ ಹೇಳು, ಕಾಫಿ ಆರಿಹೋಗ್ತಾ ಇದೆ.”

“ಸಕ್ಕರೆ ಹಾಕಿದಾರೋ ಇಲ್ಲವೋ ಕೇಳು ಟಾಮಿ.”

“ಡಾಕ್ಟರು ಬೇಡ ಅಂದಿದ್ದು ಜ್ಞಾಪಕ ಇದೆಯೇ ಅಂತ ಕೇಳಪ್ಪ. ಮಾತ್ರೆ ತಟ್ಟೆಯಲ್ಲೇ ಇದೆ, ತೊಗೊಂಡಿಲ್ಲ.”

ಟಾಮಿ ಇಬ್ಬರ ಮುಖವನ್ನೂ ನೋಡಿ ಇಬ್ಬರಿಗೂ ಬಾಲವಾಡಿಸುತ್ತದೆ. ಯಾರ ಪಕ್ಷವನ್ನೂ ವಹಿಸದ ಆ ಬಾಲದ ಮುಂದೆ ಕೋಪವು ಎಷ್ಟು ಹೊತ್ತು ನಿಂತೀತು? ಕೂಸಿನಂತೆ ಅದು ಬಡವಾಗದಿರಲೆಂದು ಇಬ್ಬರೂ ಸ್ವರವನ್ನು ತಗ್ಗಿಸುತ್ತಾರೆ. ಸ್ವರ ತಗ್ಗಿದ ಮೇಲೆ ಮಾತಿನ ಅರ್ಥವೂ ಬದಲಾಗುತ್ತದೆ. ಮೇಲಿನ ಸಂಭಾಷಣೆಯಲ್ಲಿ ಪ್ರೇಮವಲ್ಲದೆ ಬೇರೆ ಏನಿದೆ?

ಚಾಣಕ್ಯನ ಹೆಸರಿನಲ್ಲಿ ಪ್ರಚಲಿತವಾದ ನೀತಿಗ್ರಂಥದಲ್ಲಿ ನಾಯಿಯಿಂದ ಕಲಿಯಬೇಕಾದ ಗುಣಗಳು ಆರೆಂದು ಹೇಳಿದೆ: ದೊರೆತಾಗ ತೃಪ್ತಿಯಾಗಿ ತಿನ್ನುವುದು, ದೊರೆಯದಿದ್ದಾಗ ಅಲ್ಪದಲ್ಲಿಯೇ ಸಂತೋಷಪಡುವುದು, ಸುಖವಾಗಿ ನಿದ್ರಿಸುವುದು, ಥಟ್ಟನೆ ಎಚ್ಚರಗೊಳ್ಳುವುದು, ಸ್ವಾಮಿಭಕ್ತಿ, ಶೌರ್ಯ. ನಾವು ಹಾಡಿ ಹೊಗಳುವುದು ಕೊನೆಯ ಎರಡನ್ನೇ. ಮೊದಲಿನ ನಾಲ್ಕೂ ಊಟ ನಿದ್ರೆಗಳಿಗೆ ಸಂಬಂಧಪಟ್ಟವು ಎಂಬುದನ್ನು ಗಮನಿಸಿದಾಗ ನನಗೆ ಅತ್ಯಂತ ಹರ್ಷವಾಯಿತು, ಏಕೆಂದರೆ ನಮ್ಮ ಗಾದೆಯು ದಂಪತಿಗಳಿಗೆ ಏನನ್ನು ವಿಧಿಸಿತೋ ಅದನ್ನೇ ನೀತಿಕಾರನು ನಾಯಿಯಲ್ಲಿ ಕಂಡಿದ್ದಾನೆ. ನಿನ್ನೆಯ ಗದರಿಕೆಯನ್ನು ಮುಂದಿಟ್ಟುಕೊಂಡು ಅದು ಇಂದಿನ ತಟ್ಟೆಯನ್ನು ತಿರಸ್ಕರಿಸುವುದಿಲ್ಲ. ಮನೆಯವರಲ್ಲಿ ಮಾತಿಲ್ಲವೆಂದು ಅದರ ಹಸಿವು ತಡೆದು ನಿಲ್ಲುವುದೂ ಇಲ್ಲ. ಆದಕಾರಣ ಯಾರಾದರೊಬ್ಬರು ಎದ್ದು ಮೊಸರನ್ನ ಕಲಸಬೇಕು, ಮತ್ತೊಬ್ಬರು ಹಗ್ಗ ಹಿಡಿದು ಹೊರಡಬೇಕು. ಕಹಳೆ ಬಂಡೆಯ ಸುತ್ತಿನ ಬೀದಿಗಳಲ್ಲಿಯೂ, ಸ್ಯಾಂಕಿ ಕೆರೆಯತ್ತ ಇಳಿಯುವ ರಸ್ತೆಗಳಲ್ಲಿಯೂ ಬೆಳಗಿನ ಹೊತ್ತು ಹೀಗೆ ಹೊರಟ ಜೋಡಿಗಳನ್ನು ನೋಡಬಹುದು. ಮೊದಲ ತಿರುವಿನವರೆಗೆ ಮೌನ, ತಿರುವಿನಲ್ಲಿ ಯಾರೋ ಪರಿಚಿತರು “ಏನು, ವಾಕಿಂಗೇ?” ಎಂದು ಕೇಳಿದಾಗ ಇಬ್ಬರೂ ಒಟ್ಟಿಗೆ “ಹೌದು” ಎನ್ನುತ್ತಾರೆ.

ಕನ್ನಡನಾಡು ನಾಯಿಯ ಋಣವನ್ನು ಕಲ್ಲಿನಲ್ಲಿ ಬರೆದಿಟ್ಟ ನಾಡು. ಹತ್ತನೆಯ ಶತಮಾನದ ನಡುವಿನಲ್ಲಿ, ತಕ್ಕೋಲದ ಯುದ್ಧದ ತರುವಾಯ, ಗಂಗರ ಅರಸ ಬೂತುಗನು ತನ್ನ ವೀರನಾದ ಮಣಲೇರನಿಗೆ ಬೇಕಾದ ವರವನ್ನು ಕೇಳೆಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿ ಎರಡೂ ಮಡಿದಾಗ, ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟುಕೊಟ್ಟರು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಆಸ್ತಿ. ಭೂಮಿಯನ್ನು ಬೇಡಬಹುದಾಗಿದ್ದ ಗಳಿಗೆಯಲ್ಲಿ ಒಬ್ಬ ಸಂಗಾತಿಯನ್ನು ಬೇಡಿದ ಮಣಲೇರನ ಆಯ್ಕೆ ನನಗೆ ಯುದ್ಧಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮನುಷ್ಯಮಿತ್ರರ ವಿಷಯ ಇಷ್ಟು ಸರಳವಲ್ಲ. ಮಿತ್ರನಿಗೆ ಭಾಷೆಯುಂಟು, ಅಭಿಪ್ರಾಯವುಂಟು. ಒಬ್ಬರ ದೂರನ್ನು ಕೇಳಿ ಮತ್ತೊಬ್ಬರ ಮೇಲೆ ತೀರ್ಪು ಕೊಡುವ ಆತುರವುಂಟು. ಈ ಆತುರವನ್ನು ಹಿಂದಿನವರು ಬಲ್ಲವರಾಗಿದ್ದರೆಂದು ತೋರುತ್ತದೆ. ಗವಿಪುರದ ಮನೆಯಿಂದ ಮಾಸ್ತಿಯವರು ಸಂಜೆಯಾದರೆ ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿನತ್ತ ಇಸ್ಪೀಟಿಗೆ ನಡೆದುಹೋಗುತ್ತಿದ್ದ ದೃಶ್ಯವನ್ನು ಕೆ. ಎಸ್. ನಿಸಾರ್ ಅಹಮದ್ ಅವರು ಕವನದಲ್ಲಿ ಉಳಿಸಿಕೊಟ್ಟಿದ್ದಾರೆ; ಹೆಂಗಸರಿಗೆ 1913ರಿಂದಲೇ ಮಹಿಳಾ ಸೇವಾ ಸಮಾಜವಿತ್ತು. ಮನೆಯ ಹೊರಗೆ ಇಬ್ಬರಿಗೂ ಬೇರೆ ಬೇರೆ ಗೆಳೆತನ, ಬೇರೆ ಬೇರೆ ಮಾತು. ಊಟದ ಹೊತ್ತಿಗೆ ಮನೆಗೆ ಮರಳುವಾಗ ಇಬ್ಬರ ಬಳಿಯೂ ಜಗಳದ ಹೊರತಾಗಿ ಹೇಳಲು ಏನಾದರೂ ಇರುತ್ತಿತ್ತು. ಇಂದಿನ ತರುಣ ದಂಪತಿಗಳು ಗಂಡನಿಂದಲೇ ಅಥವಾ ಹೆಂಡತಿಯಿಂದಲೇ ಸಕಲ ಸ್ನೇಹವನ್ನೂ ನಿರೀಕ್ಷಿಸಿ ದಣಿಯುವುದನ್ನು ಕಂಡಾಗ, ಆ ಸಂಜೆಗಳ ಬೆಲೆ ನನಗೆ ಹೆಚ್ಚಾಗಿ ತಿಳಿಯುತ್ತದೆ.

ಉಂಡು ಮಲಗಿದರೂ ಮುಗಿಯದ ಜಗಳಗಳುಂಟು. ಅವುಗಳಿಗೆ ಕಾನೂನು ಇನ್ನಷ್ಟು ದೀರ್ಘವಾದ ರಾತ್ರಿಯನ್ನು ಕಲ್ಪಿಸಿದೆ. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಸೇರಿದ ವಿಧಿಯಂತೆ, ಪರಸ್ಪರ ಒಪ್ಪಿಗೆಯಿಂದ ಬಿಡುಗಡೆ ಬೇಡಿದವರು ಅರ್ಜಿಯ ತರುವಾಯ ಆರು ತಿಂಗಳು ಕಾಯಬೇಕು. ಸಂಧಾನದ ಆಸೆಯೇ ಇಲ್ಲದಲ್ಲಿ ಈ ಅವಧಿಯನ್ನು ಬಿಟ್ಟುಕೊಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿತು. 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವು ದಂಪತಿಗಳ ನಡುವೆ ಕೂರಿಸುವ ಮಧ್ಯಸ್ಥನಿಗೂ ತೀರ್ಪು ಕೊಡುವ ಅಧಿಕಾರವಿಲ್ಲ. ಇಬ್ಬರ ಮಾತನ್ನೂ ಕೇಳುವುದೇ ಅವನ ಕೆಲಸ.

ಆದರೆ ಆ ಮೇಜಿನ ಮೇಲೆ ಮನೆ, ಒಡವೆ, ಮಕ್ಕಳ ವಿಷಯ ಬರುವಂತೆ ನಾಯಿಯ ವಿಷಯ ಬರುವುದು ವಿರಳ. ನಮ್ಮ ಕಾನೂನಿಗೆ ಅದು ಇನ್ನೂ ಸ್ವತ್ತು. ಸ್ಪೇನ್ ದೇಶವು 2021ರಲ್ಲಿ ಕಾನೂನನ್ನು ತಿದ್ದಿ, ಸಾಕುಪ್ರಾಣಿಯನ್ನು ವೇದನೆ ಬಲ್ಲ ಜೀವಿಯೆಂದು ಒಪ್ಪಿಕೊಂಡು, ವಿಚ್ಛೇದನದಲ್ಲಿ ಅದರ ಕ್ಷೇಮವನ್ನೂ ವಿಚಾರಿಸುವಂತೆ ಮಾಡಿತು. ಮುಂಬಯಿಯ ಬಾಂದ್ರಾದ ಮ್ಯಾಜಿಸ್ಟ್ರೇಟ್ ನ್ಯಾಯಾಲಯವು 2023ರಲ್ಲಿ, ಗಂಡನಿಂದ ಬೇರೆಯಾದ ಮಹಿಳೆಯೊಬ್ಬರ ಮಧ್ಯಂತರ ಜೀವನಾಂಶವನ್ನು ನಿರ್ಣಯಿಸುವಾಗ ಆಕೆಯ ಮೂರು ರಾಟ್‌ವೈಲರ್ ನಾಯಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಮುರಿದ ಸಂಬಂಧದ ಕೊರತೆಯನ್ನು ತುಂಬುವ ಜೀವಗಳು ಅವು ಎಂದು ಗುರುತಿಸಿತು. ನಮ್ಮ ಊರಿನಲ್ಲಿಯೂ ಬೇರೆಯಾಗುವುದೇ ನಿಶ್ಚಯವಾದ ದಂಪತಿಗಳು ಒಡಂಬಡಿಕೆಯ ಕಾಗದಕ್ಕೆ ಸಹಿ ಹಾಕುವ ಮುನ್ನ, ಯಾವ ವಾರ ಟಾಮಿ ಯಾರ ಮನೆಯಲ್ಲಿರಬೇಕು, ಲಸಿಕೆಯ ಖರ್ಚು ಯಾರದು, ಬೆಳಗ್ಗೆ ಹಗ್ಗ ಹಿಡಿಯುವವರು ಯಾರು ಎಂಬುದನ್ನೂ ಅದರಲ್ಲಿ ಬರೆಯಿಸಲೆಂದು ನಾನು ಬೇಡಿಕೊಳ್ಳುತ್ತೇನೆ.