ನಿನ್ನಿಗಿಂತ ಪಾಡ

ನಮ್ಮ ದೊಡ್ಡವ್ವನದು ಬ್ಯಾಡಗಿಯ ಸೀಮೆ. ಸುಗ್ಗಿಯ ದಿನಗಳಲ್ಲಿ ಅಲ್ಲಿ ಕಣ, ಅಂಗಳ, ಮಾಳಿಗೆ ಎಲ್ಲ ಕೆಂಪು. ಗಾಳಿ ತಿರುಗಿದರೆ ಬಸ್ಸಿನಲ್ಲಿ ಕೂತವರೂ ಸೀನುತ್ತಾರೆ. ಅಂಥ ಊರಿನ ಹೆಂಗಸು ಐವತ್ತು ದಾಟಿದ ಮೇಲೆ ಒಂದು ದಿನ ಎಣ್ಣೆಗಾಯಿಯ ತಾಟು ಪಕ್ಕಕ್ಕೆ ಸರಿಸಿ, ರೊಟ್ಟಿಯನ್ನು ಹಾಲಿಗೆ ಮುರಿದು ಹಾಕಿಕೊಂಡು ಕೂತಳು. "ಬಾಯಾಗ ಕೆಂಡ ಇಟ್ಟಂಗ ಆಗ್ತೈತಿ" ಅಂದಳು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆ ಕಡಿಮೆ ಖಾರವನ್ನೂ ಅವಳ ಬಾಯಿ ತಡೆಯುತ್ತಿರಲಿಲ್ಲ.

ಮೊಬೈಲ್ ಟಾರ್ಚ್ ಹಿಡಿದು ಅವಳ ಬಾಯಿಯಲ್ಲಿ ಇಣುಕಿದವನು ನಾನು. ನಾಲಿಗೆ ನೋಡಿದೆ, ತುಟಿ ನೋಡಿದೆ. ಹುಣ್ಣಿಲ್ಲ, ಬಾವಿಲ್ಲ. "ಏನೂ ಇಲ್ಲವ್ವಾ" ಅಂದುಬಿಟ್ಟೆ. ಹೀಟ್ ಆಗಿರಬೇಕು, ಮಜ್ಜಿಗಿ ಕುಡಿ ಎಂದು ಮನೆಯವರು ಹೇಳಿದರು. ಪೇಟೆಯ ಡಾಕ್ಟರೊಬ್ಬರು ಹಳದಿ ಮಾತ್ರೆ ಬರೆದುಕೊಟ್ಟರು. ಕೆಲವು ತಿಂಗಳು ಹಾಗೇ ಕಳೆಯಿತು. ಅಷ್ಟರಲ್ಲಿ ಮದುವೆಯ ಪಂಕ್ತಿಗಳಲ್ಲಿ ಬರೇ ಮೊಸರನ್ನ ಕೇಳುವ ಅವಳಿಗೆ ಬಿಂಕದವಳೆಂಬ ಹೆಸರು ಬಂದಿತ್ತು.

ಆಮೇಲೆ ಮುಂಗೈಯ ಒಳಬದಿಗೆ, ಕಾಲಿನ ಹರಡಿನ ಹತ್ತಿರ ಸಣ್ಣ ಸಣ್ಣ ಗುಳ್ಳೆ ಎದ್ದವು. ಚಪ್ಪಟೆ, ತುಸು ಹೊಳಪು, ಬದನೆಕಾಯಿಯ ಬಣ್ಣ. ರಾತ್ರಿಯಾದರೆ ತುರಿಕೆ. ತುರಿಸಿಕೊಂಡ ಉಗುರಿನ ಗೆರೆಯ ಉದ್ದಕ್ಕೂ ಮತ್ತೆ ಹೊಸ ಗುಳ್ಳೆಗಳ ಸಾಲು. ಹುಳುಕಡ್ಡಿ ಅಂದವರು ತಮ್ಮ ಮನೆಯಲ್ಲಿ ಉಳಿದಿದ್ದ ಟ್ಯೂಬು ತಂದುಕೊಟ್ಟರು. ನಾಗದೋಷ ಅಂದವರು ಹುತ್ತದ ದಾರಿ ತೋರಿಸಿದರು.

ಅದೇ ವರ್ಷ ಮನೆತನದ ಮದುವೆಯೊಂದರಲ್ಲಿ ಅರಿಶಿನ ಹಚ್ಚುವ ಶಾಸ್ತ್ರ. ಮುತ್ತೈದೆಯರ ಸಾಲಿನಲ್ಲಿ ಇವಳ ಸರದಿ ಬಂದು ಬಟ್ಟಲಿಗೆ ಕೈ ಹಾಕಬೇಕು, ಅಷ್ಟರಲ್ಲಿ ಯಾರೋ ಬಹಳ ಮೆತ್ತಗೆ, "ನೀವು ಕೂಡ್ರಿ ಅಕ್ಕಾರ, ದಣಿದೀರಿ, ನಾವು ಹಚ್ಚತೇವಿ" ಅಂದರು. ದನಿಯಲ್ಲಿ ಮರ್ಯಾದೆಗೆ ಕೊರತೆಯಿರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮರ್ಯಾದೆಗೆ ಏನು ಉತ್ತರ ಕೊಡುವುದು? ಅವಳು ಕೂತಳು. ಸೆರಗಿನಿಂದ ಮುಂಗೈ ಮುಚ್ಚಿಕೊಂಡಳು.

ಈ ರೋಗದ ಹೆಸರು ಲೈಕನ್ ಪ್ಲಾನಸ್. ಬಾಯಿಯದೂ ಕೈಯದೂ ಒಂದೇ ರೋಗ ಎಂದು ಪತ್ತೆಹಚ್ಚಿದ್ದು ಒಬ್ಬ ಚರ್ಮರೋಗ ವೈದ್ಯೆ. ಅವರು ಕೈ ನೋಡಿದ ಕೂಡಲೇ ಬಾಯಿ ತೆರೆಸಿ, ಕೆನ್ನೆಯನ್ನು ಒಳಗಿನಿಂದ ಹೊರಕ್ಕೆ ಸರಿಸಿ, ನನ್ನನ್ನು ಕರೆದು ತೋರಿಸಿದರು. ಹಲ್ಲುಗಳ ಪಕ್ಕದ ಆ ಒಳಗೋಡೆಯ ಮೇಲೆ ತೆಳ್ಳನೆಯ ಬಿಳಿ ಗೆರೆಗಳು, ಯಾರೋ ಅವಸರದಲ್ಲಿ ರಂಗೋಲಿ ಎಳೆದು ಅರ್ಧಕ್ಕೆ ಎದ್ದುಹೋದ ಹಾಗೆ. ಅಲ್ಲಲ್ಲಿ ಸುಲಿದಂತೆ ಕೆಂಪು. ನಾನು ಟಾರ್ಚ್ ಬಿಟ್ಟು ನೋಡಿದ್ದು ಇದೇ ಬಾಯಿ. ನೋಡಬೇಕಾದ ಕಡೆ ನೋಡಿರಲಿಲ್ಲ. ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಹೌದೆಂದು ಖಚಿತ ಮಾಡಿಕೊಂಡ ಮೇಲೆ ವೈದ್ಯೆ ಹೇಳಿದ್ದು ಎರಡೇ ಮಾತು: "ಇದು ಯಾರಿಗೂ ಹತ್ತೂದಿಲ್ಲ. ಆದ್ರ ಬಾಯಾಗಿಂದು ಪೂರಾ ಹೋಗತೈತಿ ಅಂತ ನಾ ಹೇಳೂದಿಲ್ಲವ್ವಾ."

ಈ ಹೆಸರು ಕೊಟ್ಟವನು ಲಂಡನ್ನಿನ ಎರಾಸ್ಮಸ್ ವಿಲ್ಸನ್, 1869ರಲ್ಲಿ. (ಈಜಿಪ್ಟಿನಿಂದ ಕ್ಲಿಯೋಪಾತ್ರಳ ಸೂಜಿ ಎಂಬ ಭಾರೀ ಕಲ್ಲುಕಂಬವನ್ನು ಲಂಡನ್ನಿಗೆ ಸಾಗಿಸಲು ದುಡ್ಡು ಕೊಟ್ಟ ಪುಣ್ಯಾತ್ಮನೂ ಇವನೇ.) ಬಿಳಿ ಗೆರೆಗಳ ವಿವರವನ್ನು 1895ರಲ್ಲಿ ಕೊಟ್ಟ ಪ್ಯಾರಿಸಿನ ವಿಕಮ್‌ನ ಹೆಸರನ್ನು ಆ ಗೆರೆಗಳು ಇಂದಿಗೂ ಹೊತ್ತಿವೆ. ಲೈಕನ್ ಅಂದರೆ ನಮ್ಮ ಕಲ್ಲುಹೂವು, ಪ್ಲಾನಸ್ ಅಂದರೆ ಚಪ್ಪಟೆ. ದೊಡ್ಡವ್ವ ಮಸಾಲಿ ಖಾರ ಕುಟ್ಟಿಸುವಾಗ ಕೊತ್ತಂಬರಿ, ಲವಂಗದ ಜತೆ ಎಣ್ಣೆಯಲ್ಲಿ ಹುರಿದು ಹಾಕುತ್ತಿದ್ದ ಅದೇ ಕಲ್ಲುಹೂವು. ಅದು ಗಿಡವೂ ಅಲ್ಲ, ಹೂವೂ ಅಲ್ಲ. ಒಂದು ಶಿಲೀಂಧ್ರ, ಒಂದು ಪಾಚಿ, ಎರಡೂ ಬಂಡೆಯ ಮೇಲೆ ಒಂದೇ ಮೈಯಾಗಿ ಮಾಡುವ ಸಂಸಾರ. ಬೇರೆ ಬೇರೆ ಕುಲದ ಎರಡು ಜೀವ ಒಂದಾಗಿ ಬಾಳುವ ವಸ್ತುವಿನ ಹೆಸರು, ಒಂದೇ ಮೈಯೊಳಗೆ ತನ್ನವರನ್ನೇ ಪರಕೀಯರೆಂದು ಬಗೆಯುವ ಕಾಯಿಲೆಗೆ ಅಂಟಿಕೊಂಡಿದೆ.

ಇಲ್ಲಿ ನಡೆಯುವುದು ಅದೇ. ಸೋಂಕಿನ ವಿರುದ್ಧ ಕಾವಲಿರುವ ಟಿ-ಕೋಶಗಳು ಚರ್ಮದ, ಬಾಯಿಯ ಪೊರೆಯ ತಳದ ಕೋಶಗಳ ಮೇಲೆ ತಿರುಗಿಬೀಳುತ್ತವೆ. ಒಮ್ಮೊಮ್ಮೆ ಕಾರಣ ಸಿಗುತ್ತದೆ: ರಕ್ತದೊತ್ತಡದ ಕೆಲವು ಮಾತ್ರೆಗಳು, ಹಲ್ಲಿಗೆ ತುಂಬಿದ ಲೋಹ ಇಂಥದೇ ಗಾಯ ಮಾಡಬಲ್ಲವು. ಕೆಲವರಲ್ಲಿ ಹೆಪಟೈಟಿಸ್ ಸಿ ಜತೆಗಿರುತ್ತದೆ. ಬಹಳ ಜನರಲ್ಲಿ ಕಾರಣವೇ ಸಿಗುವುದಿಲ್ಲ. ಚರ್ಮದ್ದು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಇಳಿಯುತ್ತದೆ, ನಮ್ಮಂಥ ಕಂದುಮೈಯವರಲ್ಲಿ ಕಪ್ಪು ಕಲೆ ಬಿಟ್ಟು. ಬಾಯಿಯದು ವರ್ಷಗಟ್ಟಲೆ ಇರುತ್ತದೆ, ಅಡಗುತ್ತದೆ, ಮತ್ತೆ ಕೆರಳುತ್ತದೆ. ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಉರಿ ಹತೋಟಿಗೆ ಬರುತ್ತದೆ. ಬೇರು ಕಿತ್ತುಬರುವುದಿಲ್ಲ.

ಆಸ್ಪತ್ರೆಯಿಂದ ಬಂದ ದಿನ ಮನೆಮಂದಿಗೆಲ್ಲ ವಿವರಿಸಿದವನು ನಾನೇ. ಹತ್ತೂದಿಲ್ಲ, ಹೆದರಬ್ಯಾಡ್ರಿ. ಅದೇ ರಾತ್ರಿ ಬಚ್ಚಲಿಗೆ ಹೋದವನು ಅವಳ ಟವೆಲನ್ನು ಎತ್ತಿ ಬೇರೆ ಗೂಟಕ್ಕೆ ಹಾಕಿದೆ. ಹಾಕಿದ ಮೇಲೆ ಗೊತ್ತಾಯಿತು ಏನು ಮಾಡಿದೆ ಎಂದು. ತಲೆಗೆ ಮುಟ್ಟಿದ್ದ ಮಾತು ಕೈಗೆ ಇನ್ನೂ ಮುಟ್ಟಿರಲಿಲ್ಲ. ಆ ಟಿ-ಕೋಶಗಳನ್ನು ಬೈಯುವ ಯೋಗ್ಯತೆ ನನಗಿಲ್ಲ ಅನ್ನಿಸಿತು. ಟವೆಲನ್ನು ಹಳೆಯ ಗೂಟಕ್ಕೇ ಹಾಕಿ ಬಂದೆ. ಅವಳು ನೋಡಿದ್ದಳೋ ಇಲ್ಲವೋ, ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಒಂದೇ ರೋಗ ಮೈಮೇಲೆ ಎರಡು ಕಡೆ ಕೂತು ಎರಡು ಬಗೆಯ ಅನ್ಯಾಯ ಮಾಡಿಸಿತು. ಕೈಯದನ್ನು ಎಲ್ಲರೂ ಕಂಡರು, ಕಂಡದ್ದಕ್ಕಿಂತ ಹೆಚ್ಚು ನಂಬಿದರು. ಬಾಯಿಯದನ್ನು ಯಾರೂ ಕಾಣಲಿಲ್ಲ, ಆದ್ದರಿಂದ ಇಲ್ಲವೆಂದರು. ಅವಳನ್ನು ಕೇಳಿದ್ದರೆ, ಕೈಗಿಂತ ಬಾಯಿಯೇ ಹತ್ತು ಪಾಲು ಕಷ್ಟ ಅನ್ನುತ್ತಿದ್ದಳು. ಹುಣಸೆಹುಳಿ ಉರಿ, ಟೊಮೆಟೊ ಉರಿ, ಪುದೀನದ ಟೂತ್‌ಪೇಸ್ಟು ಕೂಡ ಉರಿ. ಕಡಕ್ ರೊಟ್ಟಿ ಗೀರುತ್ತದೆ. ದಿನಕ್ಕೆ ಮೂರು ಸಲ ಊಟದ ಹೆಸರಿನಲ್ಲಿ ಪರೀಕ್ಷೆ.

ಎಲಿ-ಅಡಿಕಿಯೂ ಹೋಯಿತು. ಬಾಯಿಯ ಈ ರೋಗ ನೂರರಲ್ಲಿ ಸುಮಾರು ಒಬ್ಬರಿಗೆ ವರ್ಷಗಳ ಮೇಲೆ ಕ್ಯಾನ್ಸರಿಗೆ ತಿರುಗಬಹುದು. ಅಡಿಕೆ ತಾನೇ ಕ್ಯಾನ್ಸರ್‌ಕಾರಕ. ಆದ್ದರಿಂದ ತಂಬಾಕು, ಅಡಿಕೆ ಎರಡೂ ಬೇಡ, ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗಬೇಕು ಎಂದು ವೈದ್ಯೆ ಹೇಳಿದ್ದರು. ಸಂಜೆ ಕಟ್ಟೆಯ ಮೇಲೆ ಎಲೆಯ ಚೀಲ ಬಿಚ್ಚಿಕೊಂಡು ಕೂರುವ ಗೆಳತಿಯರ ನಡುವೆ ಸುಮ್ಮನೆ ಕೂರುವುದು ಮುಲಾಮು ಹಚ್ಚಿಕೊಂಡಷ್ಟು ಸುಲಭವಿರಲಿಲ್ಲ. ಅವಳು ಕಟ್ಟೆಗೆ ಹೋಗುವುದನ್ನೇ ಕೆಲವು ಕಾಲ ಬಿಟ್ಟಳು.

ಇನ್ನು ಕಾರಣ ಹುಡುಕುವ ಚಟ. ಯಾವ ಜನ್ಮದ್ದೋ ಎಂದು ಹಿಂದಿನವರು ಕೇಳುತ್ತಿದ್ದರು. ಓದಿದವರು ಈಗ "ಟೆನ್ಷನ್ ಮಾಡ್ಕೋತೀಯ, ಅದಕ್ಕ ಬಂದದ" ಅನ್ನುತ್ತಾರೆ. ಚಿಂತೆ ಈ ರೋಗವನ್ನು ಕೆರಳಿಸಬಹುದು, ಸುಳ್ಳಲ್ಲ. ಆದರೆ ಆ ಮಾತು ಮಾಡುವ ಕೆಲಸ ಹಳೆಯದೇ: ತಪ್ಪು ನಿನ್ನದು ಅನ್ನುವುದು. ಹುತ್ತಕ್ಕೆ ಹಾಲೆರೆದು ಬಂದ ದಿನ ಅವಳಿಗೆ ಕಡೇಪಕ್ಷ ಸಮಾಧಾನವಾದರೂ ಇತ್ತು. ಟೆನ್ಷನ್ ಬಿಡು ಅನ್ನಿಸಿಕೊಂಡ ದಿನ ಅದೂ ಇರಲಿಲ್ಲ.

"ಆರಾಮ ಆತೇನು?" ಎಂದು ಬಂದವರೆಲ್ಲ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಇಲ್ಲ ಅಂದರೆ ಅವರ ಮುಖ ಸಪ್ಪಗಾಗುತ್ತದೆ, ಹೌದು ಅಂದರೆ ಸುಳ್ಳಾಗುತ್ತದೆ. ದೊಡ್ಡವ್ವ ಇದಕ್ಕೊಂದು ಉತ್ತರ ಕಂಡುಕೊಂಡಿದ್ದಾಳೆ: "ನಿನ್ನಿಗಿಂತ ಪಾಡ ಐತಿ." ಬೆಂಗಳೂರಿನ ಕಡೆ ಪಾಡು ಅಂದರೆ ಪಡಬಾರದ ಕಷ್ಟ, ಅವಳ ಪಾಡು ಯಾರಿಗೂ ಬೇಡ ಅನ್ನುತ್ತಾರೆ. ನಮ್ಮ ಕಡೆ ಪಾಡ ಅಂದರೆ ಮೇಲು, ಅದಕ್ಕಿಂತ ಇದು ಪಾಡ. ಆ ಕಡೆಯ ವಾಸಿ ಎಂಬ ಮಾತೂ ಹೀಗೆಯೇ ಎರಡು ಮುಖದ್ದು, ಗುಣವಾಯಿತು ಅನ್ನುವುದಕ್ಕೂ ಅದೇ, ಇದ್ದುದರಲ್ಲಿ ಮೇಲು ಅನ್ನುವುದಕ್ಕೂ ಅದೇ. ಕೇಳುವವರು ಮೊದಲಿನ ಅರ್ಥದಲ್ಲಿ ಕೇಳುತ್ತಾರೆ, ದೊಡ್ಡವ್ವ ಎರಡನೆಯದರಲ್ಲಿ ಬದುಕುತ್ತಾಳೆ. ಕೆಲವು ದಿನ ನಿನ್ನೆಗಿಂತ ಪಾಡ ಇರುವುದೂ ಇಲ್ಲ. ಆವತ್ತು ಸುಮ್ಮನೆ ತಲೆ ಆಡಿಸುತ್ತಾಳೆ.

ಈಗ ಮತ್ತೆ ಕಟ್ಟೆಗೆ ಹೋಗುತ್ತಾಳೆ, ಬಾಯಿಗೆ ಒಂದು ಚೂರು ಬೆಲ್ಲ ಹಾಕಿಕೊಂಡು. ಕೈಯ ಗುಳ್ಳೆ ಇಳಿದಿವೆ, ಕಲೆ ಇದೆ.

ಓದುಗರಲ್ಲಿ ಒಂದು ಕೇಳಿಕೆ. ಮುಂದಿನ ಸಲ ಪಂಕ್ತಿಯಲ್ಲಿ ಯಾರಾದರೂ ಸಾರು ಬೇಡ, ಪಲ್ಯ ಬೇಡ, ಬರೇ ಮೊಸರನ್ನ ಹಾಕಿ ಅಂದರೆ ಯಾಕೆಂದು ಕೇಳಬೇಡಿ. ಮೇಲಿನ ಒಗ್ಗರಣೆಯ ಮೆಣಸಿನಕಾಯಿ ಪಕ್ಕಕ್ಕೆ ಸರಿಸಿ ಬಡಿಸಿ. ಹೊಟ್ಟೆ ತುಂಬುವಷ್ಟು ಬಡಿಸಿ.